ಬ್ರೇಕ್ ಮೇಷ್ಟ್ರ ಬಲಗಾಲು

ಬ್ರೇಕ್ ಮೇಷ್ಟ್ರ ಬಲಗಾಲು ಸುಮ್ಮನಿದ್ದುದನ್ನು ಕಂಡವರಿಲ್ಲ. ಊಟಕ್ಕೆ ಕೂತರೆ ಮೇಜಿನ ಕೆಳಗೆ ನೆಲ ಒತ್ತುತ್ತದೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದರೆ ಗಾಳಿ ಒತ್ತುತ್ತದೆ. ಟೀವಿಯಲ್ಲಿ ಯಾರಾದರೂ ಕಾರು ಓಡಿಸಿದರಂತೂ ಮುಗಿಯಿತು, ಸೋಫಾದ ಮುಂದಿನ ಚಾಪೆ ಮುದುಡಿ ಮುದ್ದೆಯಾಗುತ್ತದೆ. "ರೀ, ಅದು ಸಿನಿಮಾ. ಅವನು ಹೋಗಿ ಗುದ್ದಬೇಕು ಅಂತಾನೇ ಬರೆದಿದ್ದಾರೆ. ನೀವು ಒತ್ತಿದ್ರೆ ನಿಲ್ಲಲ್ಲ," ಎಂದು ಹೇಳಿ ಹೇಳಿ ಸಾಕಾದ ಹೆಂಡತಿ ಚಾಪೆಯನ್ನೇ ಎತ್ತಿಟ್ಟಿದ್ದಾಳೆ.

ಇದು ಹುಟ್ಟುಗುಣ ಎಂದು ಮೇಷ್ಟ್ರ ತಾಯಿ ವಾದಿಸುತ್ತಿದ್ದರು. "ಇವನು ಹೊಟ್ಟೆಯಿಂದ ಬರೋವಾಗ್ಲೇ ಕಾಲು ಮುಂದೆ ಮಾಡ್ಕೊಂಡು ಬಂದ. ನರ್ಸಮ್ಮನಿಗೆ ಒದ್ದೇ ಕಣ್ಣುಬಿಟ್ಟ," ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಮೇಷ್ಟ್ರ ಪ್ರಕಾರ ಅದು ಕೆಲಸದ ಗುಣ. ಇಪ್ಪತ್ತೆರಡು ವರ್ಷದಿಂದ ಅವರು ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಾರೆ. ಕಲಿಸುವ ಕಾರಿನಲ್ಲಿ ಕ್ಲಚ್ಚು, ಬ್ರೇಕು ಎರಡೆರಡು. ಕಲಿಯುವವರ ಕಾಲ ಬಳಿ ಒಂದು ಜೊತೆ, ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲ ಬಳಿ ಇನ್ನೊಂದು ಜೊತೆ. ಕಲಿಯುವವರು ಮರೆತರೆ ಮೇಷ್ಟ್ರು ಒತ್ತಬೇಕು. ಬೇರೆ ಮೇಷ್ಟ್ರುಗಳು ಒತ್ತಿದರೆ ಗಾಡಿ ಧಡಕ್ಕನೆ ನಿಲ್ಲುತ್ತದೆ, ಮೇಲೆ ಎರಡು ಬೈಗುಳವೂ ಬೀಳುತ್ತದೆ. ನಮ್ಮ ಮೇಷ್ಟ್ರದು ಹಾಗಲ್ಲ. ಅವರು ಒತ್ತಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ಗಾಡಿ ಮೆತ್ತಗೆ ನಿಧಾನಿಸಿ ನಿಲ್ಲುತ್ತದೆ, ನಿಲ್ಲಿಸಿದ್ದು ತಾನೇ ಎಂದು ಕಲಿಯುವವನು ಎದೆಯುಬ್ಬಿಸುತ್ತಾನೆ, ಮೇಷ್ಟ್ರು "ಶಭಾಷ್, ಸರಿಯಾದ ಹೊತ್ತಿಗೆ ಹಿಡಿದೆ ನೋಡು" ಎಂದು ಬೆನ್ನು ತಟ್ಟುತ್ತಾರೆ. ಬ್ರೇಕ್ ಮೇಷ್ಟ್ರು ಎಂಬ ಹೆಸರು ಬಿದ್ದದ್ದು ಹಾಗೆ. ಇದರ ಬಗ್ಗೆ ಅವರಿಗೆ ಒಳಗೊಳಗೇ ಜಂಬವೂ ಇತ್ತು. ತನ್ನ ಪಕ್ಕ ಕೂತು ಕಲಿತವರು ಒಬ್ಬರೂ ಒಂದು ಕೋಳಿಗೂ ತಾಗಿಸಿಲ್ಲ ಎನ್ನುತ್ತಿದ್ದರು.

ಆ ರೋಗ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು, ಮತ್ತೆ ತೆರೆದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಬರುವ ಹುಡುಗ ಹುಡುಗಿಯರು ಬೇರೆಯೇ ಆಗಿದ್ದರು. ಮೊದಲಿನವರಿಗೆ ಹೆದರಿಕೆ ಕಡಿಮೆ, ಅವಸರ ಜಾಸ್ತಿ. ಮೊದಲ ದಿನವೇ ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸಲು ಹೋಗಿ ಬೈಸಿಕೊಳ್ಳುತ್ತಿದ್ದರು. ಈಗಿನವರು ಖಾಲಿ ಮೈದಾನದಲ್ಲಿ ಚಂದವಾಗಿ ಓಡಿಸುತ್ತಾರೆ, ರಸ್ತೆಗೆ ಬಂದರೆ ಕೈಕಾಲು ಆಡುವುದಿಲ್ಲ. ಒಬ್ಬ ಹುಡುಗ ದಾರಿ ತಪ್ಪಿದರೂ ಕಿಟಕಿ ಇಳಿಸಿ ಯಾರನ್ನೂ ಕೇಳಲಾರ. ಮೂರು ಸಲ ಅದೇ ವೃತ್ತ ಸುತ್ತುತ್ತಾನೆ. ಇನ್ನೊಬ್ಬ ಹಸಿರು ದೀಪ ಬಿದ್ದರೂ ಹೊರಡುವುದಿಲ್ಲ. "ಹಿಂದಿನವರೆಲ್ಲ ನನ್ನನ್ನೇ ನೋಡ್ತಿದಾರೆ ಸಾರ್," ಎನ್ನುತ್ತಾನೆ. ಹಿಂದಿನವರು ನೋಡುವುದಷ್ಟೇ ಅಲ್ಲ, ಹಾರ್ನ್ ಹೊಡೆದು ಅವನ ವಂಶವನ್ನೆಲ್ಲ ನೆನೆಯುತ್ತಿರುತ್ತಾರೆ. ಒಬ್ಬಳು ಹುಡುಗಿಯಂತೂ ಎದುರು ಯಾರು ಬಂದರೂ, ನಾಯಿ ಬಂದರೂ, ಗಾಜಿನ ಒಳಗಿಂದಲೇ "ಸಾರಿ, ಸಾರಿ" ಎನ್ನುತ್ತಿದ್ದಳು. ಮೇಷ್ಟ್ರು ಅವಳಿಗೆ ಸಾರಿ ಹುಡುಗಿ ಎಂದೇ ಹೆಸರಿಟ್ಟಿದ್ದರು. ಇವರೆಲ್ಲ ಲೈಸೆನ್ಸ್ ಪರೀಕ್ಷೆಯಲ್ಲಿ ಒಬ್ಬರ ಹಿಂದೊಬ್ಬರು ಫೇಲಾಗುತ್ತಿದ್ದರು. "ಏನ್ ಮೇಷ್ಟ್ರೇ, ನಿಮ್ಮ ಕಾಲು ಮುದುಕ ಆಯ್ತಾ?" ಎಂದು ಸ್ಕೂಲಿನ ಯಜಮಾನಿ ಕೇಳಿದ್ದಳು. ಮೇಷ್ಟ್ರು ನಕ್ಕು ಮುಂದಿನ ಪಾಠಕ್ಕೆ ಹೋಗಿದ್ದರು. ಈ ಮಕ್ಕಳ ಕಥೆ ಅವರಿಗೆ ಹೊಸದಾಗಿರಲಿಲ್ಲ, ಮನೆಯಲ್ಲೇ ಒಂದಿತ್ತು.

ಮೇಷ್ಟ್ರ ಮಗಳಿಗೆ ಈಗ ಇಪ್ಪತ್ತು. ರೋಗದ ಎರಡನೇ ವರ್ಷ ಅಜ್ಜಿ, ಅಂದರೆ ಮೇಷ್ಟ್ರ ತಾಯಿ, ತೀರಿಕೊಂಡಾಗ ಹದಿನೇಳು. ಅಜ್ಜಿ, ಮೊಮ್ಮಗಳು ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು, ಒಂದೇ ಬಾಚಣಿಗೆಗೆ ಜಗಳವಾಡುತ್ತಿದ್ದವರು. ಅಜ್ಜಿಯನ್ನು ಆಂಬುಲೆನ್ಸ್ ಒಯ್ದದ್ದೇ ಕೊನೆ, ಆಮೇಲೆ ಮುಖ ನೋಡಲೂ ಬಿಡಲಿಲ್ಲ. ಎಲ್ಲ ಮುಗಿದು ಕಾಲೇಜು ತೆರೆದಾಗ ಮಗಳು ಒಂಬತ್ತು ದಿನ ಹೋದಳು. ಹತ್ತನೆಯ ದಿನ ಬಸ್ ನಿಲ್ದಾಣದಿಂದ ತಿರುಗಿ ಬಂದವಳು ಮತ್ತೆ ಹೋಗಲಿಲ್ಲ. ಈಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರೋ ರೆಕಾರ್ಡ್ ಮಾಡಿದ ಮಾತನ್ನು ಕೇಳಿ ಕೇಳಿ ಟೈಪ್ ಮಾಡುವ ಕೆಲಸ ಹಿಡಿದಿದ್ದಾಳೆ. ಆ ಮಾತಿನ ನಡುವೆ ಯಾರಾದರೂ ಕೆಮ್ಮಿದರೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಡುತ್ತಾಳೆ. ಅವಳ ಲೋಟ ಅಡುಗೆಮನೆಯಲ್ಲಿ ಬೇರೆ ಮೊಳೆಗೆ ತೂಗುಬಿದ್ದಿದೆ. ಎಲ್ಲರೂ ಉಂಡು ಎದ್ದ ಮೇಲೆ ಒಬ್ಬಳೇ ನಿಂತುಕೊಂಡು ಉಣ್ಣುತ್ತಾಳೆ. ಅಮ್ಮ ಪಕ್ಕಕ್ಕೆ ಬಂದರೆ ಉಸಿರು ಬಿಗಿಹಿಡಿಯುತ್ತಾಳೆ. ಅದನ್ನು ಕಂಡು ಮೇಷ್ಟ್ರು ಒಂದು ಸಲ, "ಯಾಕೆ, ನಮ್ಮ ಗಾಳೀನೂ ಬೇಡವಾಯ್ತಾ ನಿನಗೆ?" ಎಂದು ಕೇಳಿಬಿಟ್ಟಿದ್ದರು. ಅವಳು ತನ್ನ ಲೋಟ ತೆಗೆದುಕೊಂಡು ಕೋಣೆಗೆ ಹೋದಳು. ಹೆಂಡತಿ ಎರಡು ದಿನ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಮಾತ್ರ ಅವಳು ಹೊರಗೆ ಬರುತ್ತಿದ್ದಳು. ಡ್ರೈವಿಂಗ್ ಸ್ಕೂಲಿನ ಹಿಂದಿನ ಮೈದಾನದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಕಿಟಕಿ ಏರಿಸಿಕೊಂಡು, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗಂಟೆ ಕಾರು ಓಡಿಸುತ್ತಿದ್ದಳು. ಚೆನ್ನಾಗಿಯೇ ಓಡಿಸುತ್ತಿದ್ದಳು. ಅಮ್ಮ ಪಟ್ಟು ಹಿಡಿದು ಕಲಿಯುವವರ ಲೈಸೆನ್ಸ್ ಮಾಡಿಸಿಕೊಟ್ಟಿದ್ದಳು. ಗೇಟು ದಾಟಿ ರಸ್ತೆಗೆ ಇಳಿ ಎಂದರೆ ಮಾತ್ರ ಎಂಜಿನ್ ಆರಿಸಿ ಬೀಗದಕೈ ತೆಗೆದು ಅಪ್ಪನ ಕೈಗಿಡುತ್ತಿದ್ದಳು. ಮೇಷ್ಟ್ರು ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಬೀಗದಕೈ ಕೊಟ್ಟಾಗಲೆಲ್ಲ ಅವರಿಗೆ ಒಂದು ಬಗೆಯ ನೆಮ್ಮದಿಯೇ ಆಗುತ್ತಿತ್ತು.

ಮನಸ್ಸಿನ ಸಂಕಟ ಕೇಳುವ ಕೌನ್ಸೆಲರ್ ಮೇಡಂ ಒಬ್ಬರ ಹತ್ತಿರ ಹೋಗುತ್ತೇನೆ ಎಂದದ್ದು ಮಗಳೇ. ಅವಳ ಅಮ್ಮ ಗ್ರಂಥಾಲಯದಲ್ಲಿ ಪುಸ್ತಕ ಬೈಂಡ್ ಮಾಡುತ್ತಾಳೆ, ಅಲ್ಲಿಯ ಗೋಡೆಗೆ ಅಂಟಿಸಿದ್ದ ಪ್ರಕಟಣೆಯಿಂದ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಆ ಚೀಟಿ ಒಂದು ತಿಂಗಳು ಫ್ರಿಜ್ಜಿನ ಮೇಲಿತ್ತು. ಒಂದು ದಿನ ಮಗಳೇ ಫೋನ್ ಮಾಡಿದಳು. ವಿಡಿಯೋದಲ್ಲೂ ಮಾತಾಡಬಹುದು ಎಂದು ಆ ಕಡೆಯವರು ಹೇಳಿದ್ದಕ್ಕೆ, "ಬೇಡ ಮೇಡಂ, ಪರದೆ ನೋಡಿ ನೋಡಿ ಸಾಕಾಗಿದೆ. ಎದುರಿಗೆ ಕೂತು ಮಾತಾಡ್ಬೇಕು," ಎಂದಳು. ಮೂರು ತಿಂಗಳು ಕಾದ ಮೇಲೆ ಗುರುವಾರ ಹನ್ನೊಂದು ಗಂಟೆ ಎಂದು ಗೊತ್ತಾಯಿತು.

ಮೊದಲ ಗುರುವಾರ ಅವಳು ಅರ್ಧ ಗಂಟೆ ಬೂಟಿನ ದಾರ ಕಟ್ಟಿದಳು. ಗೇಟಿನ ತನಕ ಹೋದಳು. ಗೇಟಿನ ಚಿಲಕ ಹಿಡಿದು ನಿಂತವಳು ಹಾಗೇ ಹಿಂದಕ್ಕೆ ಬಂದಳು.

ಎರಡನೆಯ ಗುರುವಾರ ಮೇಷ್ಟ್ರು ರಜೆ ಹಾಕಿ ಸ್ಕೂಲಿನ ಕಾರು ತಂದರು. ತಾವು ಓಡಿಸಿದರು, ಮಗಳು ಪಕ್ಕದಲ್ಲಿ ಕೂತಳು. ಇಪ್ಪತ್ತೆರಡು ವರ್ಷದ ಅನುಭವವಿದ್ದ ಮನುಷ್ಯನಿಗೆ ಒಂದು ವಿಷಯ ಹೊಳೆಯಲೇ ಇಲ್ಲ. ಆ ಪಕ್ಕದ ಸೀಟಿನವರ ಕಾಲ ಬಳಿಯೂ ಬ್ರೇಕಿದೆ. ದಾರಿಯಲ್ಲಿ ಬಸ್ ನಿಲ್ದಾಣದ ಮುಂದೆ ಜನ ಕಿಕ್ಕಿರಿದು ನಿಂತಿದ್ದರು. ಕೌನ್ಸೆಲರ್ ಮೇಡಂ ಕ್ಲಿನಿಕ್ಕಿಗೆ ಇನ್ನು ಎರಡೇ ತಿರುವು. ಮಗಳ ಉಸಿರು ಮೇಲೆ ಕೆಳಗೆ ಆಗತೊಡಗಿತು, ಅವಳು ಎರಡೂ ಕಾಲಿನಲ್ಲಿ ಬ್ರೇಕನ್ನು ನೆಲಕ್ಕೆ ಒತ್ತಿಬಿಟ್ಟಳು. ನಡುರಸ್ತೆಯಲ್ಲಿ ಕಾರು ಕಿರ್ರೆಂದು ನಿಂತಿತು. ಹಿಂದಿನಿಂದ ಲಾರಿಯೊಂದು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಯಿತು. "ಕಾಲು ತೆಗಿಯೇ! ಸಾಯಿಸ್ತೀಯಾ ಎಲ್ಲರನ್ನೂ?" ಎಂದು ಮೇಷ್ಟ್ರು ಕಿರುಚಿದರು. ಕಿರುಚಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಮಗಳ ಮುಖ ಬಿಳಿಚಿಹೋಗಿತ್ತು. ಆ ಮಾತಿಗೆ ಯಾಕೆ ಅಷ್ಟು ಬಿಳಿಚಿದಳು ಎನ್ನುವುದು ಮೇಷ್ಟ್ರಿಗೆ ಅಂದು ತಿಳಿಯಲಿಲ್ಲ. ಗಾಡಿ ತಿರುಗಿಸಿ ಮನೆಗೆ ಬಂದರು.

ಅಂದು ಸಂಜೆ ಕ್ಲಿನಿಕ್ಕಿನಿಂದ ಫೋನ್ ಬಂತು. ಕೌನ್ಸೆಲರ್ ಮೇಡಂ ಮೇಷ್ಟ್ರ ಜೊತೆಯೇ ಮಾತಾಡಿದರು. ಬರಲು ಆಗದಿದ್ದದ್ದು ತಪ್ಪಲ್ಲ, ತುಂಬ ಮಕ್ಕಳಿಗೆ ಹೀಗೆ ಆಗುತ್ತದೆ ಎಂದರು. "ಆದ್ರೆ ಮೂರನೇ ಸಲಾನೂ ತಪ್ಪಿದ್ರೆ ಪಟ್ಟಿಯ ಕೊನೆಗೆ ಹಾಕ್ಬೇಕಾಗುತ್ತೆ. ನಮ್ಮ ನಿಯಮ ಹಾಗಿದೆ. ಪಟ್ಟಿಯಲ್ಲಿರೋರೆಲ್ಲ ಇವಳ ವಯಸ್ಸಿನವರೇ, ಎಷ್ಟು ಜನ ಅಂತ ಹೇಳಿದ್ರೆ ನಿಮಗೆ ಬೇಜಾರಾಗುತ್ತೆ. ಒಂದು ಮಾತು ಹೇಳ್ಲಾ? ಅವಳನ್ನ ಎತ್ಕೊಂಡು ಬರ್ಬೇಡಿ. ಅವಳು ಬರ್ಬೇಕು." ಮೇಷ್ಟ್ರು ಆಯಿತು ಎಂದು ಫೋನಿಟ್ಟರು. ಹೇಗೆ ಎಂದು ಕೇಳುವುದು ಮರೆತೇ ಹೋಯಿತು.

ಆ ವಾರ ಮೇಷ್ಟ್ರಿಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಸೋಮವಾರ ಪಾಠದಲ್ಲಿ ಮನಸ್ಸಿಲ್ಲ, ಕಾಲು ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಸಾರಿ ಹುಡುಗಿಯ ಸರದಿ. ಅವಳು ಎರಡು ಸಲ ಫೇಲಾಗಿದ್ದಳು, ಬುಧವಾರ ಮತ್ತೆ ಪರೀಕ್ಷೆ. ಮಾರುಕಟ್ಟೆಯ ಇಳಿಜಾರಿನಲ್ಲಿ ಅವಳ ಚಪ್ಪಲಿ ಜಾರಿ ಸೀಟಿನ ಕೆಳಗೆ ಹೋಯಿತು. ಹುಡುಗಿ ಗಾಬರಿಯಾಗಿ ಎರಡೂ ಕಾಲನ್ನು ಹಿಂದಕ್ಕೆಳೆದುಕೊಂಡು ಚಪ್ಪಲಿ ತಡಕಾಡಿದಳು. ಅಷ್ಟರಲ್ಲಿ ಮುಂದೆ ತಳ್ಳುಗಾಡಿಯವನೊಬ್ಬ ಅಡ್ಡ ಬಂದ. ಕಾರು ಎಂದಿನಂತೆ ಮೆತ್ತಗೆ ನಿಧಾನಿಸಿ, ತಳ್ಳುಗಾಡಿಯಿಂದ ಒಂದು ಮಾರು ದೂರದಲ್ಲಿ ನಿಂತಿತು.

"ಶಭಾಷ್," ಎಂದರು ಮೇಷ್ಟ್ರು, ಅಭ್ಯಾಸಬಲದಿಂದ.

ಹುಡುಗಿ ತನ್ನ ಬರಿಗಾಲು ನೋಡಿಕೊಂಡಳು. ಆಮೇಲೆ ಮೇಷ್ಟ್ರ ಬೂಟು ನೋಡಿದಳು. "ಸಾರ್, ನಾನು ಒತ್ತೇ ಇಲ್ಲ."

ಮೇಷ್ಟ್ರು ಮೀಸೆ ನೀವಿಕೊಂಡರು.

"ನೀವು ಒತ್ತಿದ್ರಾ? ಇವತ್ತು ಮಾತ್ರಾನಾ, ದಿನಾನಾ?"

"ಅದು... ಕೆಲವು ಸಲ. ಅಪಾಯ ಅನ್ನಿಸಿದಾಗ."

"ಎಷ್ಟು ಸಲ ಸಾರ್?"

ಸುಳ್ಳು ಹೇಳಬಹುದಿತ್ತು, ಯಾಕೋ ನಾಲಿಗೆ ಹೊರಳಲಿಲ್ಲ. "ದಿನಾ," ಎಂದರು.

ಇಷ್ಟು ದಿನ ನಾಯಿಗೂ ಸಾರಿ ಹೇಳುತ್ತಿದ್ದ ಹುಡುಗಿ ಅಂದು ಮೇಷ್ಟ್ರ ನೀರಿಳಿಸಿಬಿಟ್ಟಳು. "ಪರೀಕ್ಷೆಯಲ್ಲಿ ನೀವಿರಲ್ಲ ಅಲ್ವಾ ಸಾರ್? ಆ ಸಾಹೇಬ್ರು ಕೂತಿರ್ತಾರೆ. ಗಾಡಿ ನಿಲ್ಲಲ್ಲ. ದಿನಾ ನಿಲ್ಲೋ ಗಾಡಿ ಅವತ್ತೇ ಯಾಕೆ ನಿಲ್ಲಲ್ಲ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ? ನನ್ನಲ್ಲೇ ಏನೋ ಕೆಟ್ಟಿದೆ, ಎರಡು ವರ್ಷ ಮನೇಲಿದ್ದು ನಾನೇ ಹಾಳಾಗಿಹೋಗಿದ್ದೀನಿ, ಎಲ್ಲ ತಪ್ಪೂ ನಂದೇ ಅಂತ! ನೀವು ಪಕ್ಕದಲ್ಲೇ ಕೂತ್ಕೊಂಡು ಒಂದು ಮಾತು ಹೇಳ್ಲಿಲ್ಲ." ಕಾರನ್ನು ಅಲ್ಲೇ ಬಿಟ್ಟು, ಒಂದೇ ಚಪ್ಪಲಿಯಲ್ಲಿ ಇಳಿದು ಹೋದಳು. ಇಪ್ಪತ್ತು ಹೆಜ್ಜೆ ಹೋದವಳು ತಿರುಗಿ ಬಂದು ಇನ್ನೊಂದು ಚಪ್ಪಲಿ ತೆಗೆದುಕೊಂಡು ಮತ್ತೆ ಹೋದಳು. ಈ ಸಲ ಸಾರಿ ಹೇಳಲಿಲ್ಲ.

ಮೇಷ್ಟ್ರು ಆ ಇಳಿಜಾರಿನಲ್ಲಿ ಬಹಳ ಹೊತ್ತು ಕೂತಿದ್ದರು. ಎಲ್ಲ ತಪ್ಪೂ ನಂದೇ ಎಂದ ಆ ದನಿಯನ್ನು ಅವರು ಎಲ್ಲೋ ಕೇಳಿದ್ದರು. ಕೇಳಿರಲಿಲ್ಲ, ಮನೆಯಲ್ಲಿ ಉಸಿರು ಬಿಗಿಹಿಡಿದ ಒಂದು ಮುಖದಲ್ಲಿ ನೋಡಿದ್ದರು. ಮೂರು ವರ್ಷದಿಂದ ಹೊಟ್ಟೆಯೊಳಗಿಟ್ಟುಕೊಂಡ ಒಂದು ಮಾತನ್ನು ಮಗಳಿಗೆ ಹೇಳಲೇಬೇಕು ಎನ್ನಿಸಿತು.

ಮಂಗಳವಾರ ಅವರು ಮಗಳ ಕೋಣೆಯ ಬಾಗಿಲಿಗೆ ನಾಲ್ಕು ಸಲ ಹೋದರು. ಮೊದಲ ಸಲ ಬಲ್ಬು ನೋಡಿದರು. ಎರಡನೇ ಸಲ ಸ್ವಿಚ್ಚು ಒತ್ತಿ ನೋಡಿದರು. ಮೂರನೇ ಸಲ ಅಜ್ಜಿಯ ಖಾಲಿ ಮಂಚದ ಕಾಲು ಅಲ್ಲಾಡುತ್ತದೆಯೇ ಎಂದು ಅಲ್ಲಾಡಿಸಿದರು. ನಾಲ್ಕನೇ ಸಲ ನೆಪ ಸಿಗಲಿಲ್ಲ. "ರೀ, ಅವಳ ಕೋಣೆಗೆ ಏನು ಪರವಾನಗಿ ಕೊಡೋಕೆ ಹೊರಟಿದ್ದೀರಾ? ಹೇಳೋದಿದ್ರೆ ಹೇಳಿ, ಇಲ್ಲಾಂದ್ರೆ ಕೂತ್ಕೊಳ್ಳಿ," ಎಂದಳು ಹೆಂಡತಿ. ಮನೆಯಲ್ಲಿ ಮೇಷ್ಟ್ರಿಗೆ ಮಾತು ಹೊರಡುವುದಿಲ್ಲ. ಅವರು ಜೀವಮಾನದಲ್ಲಿ ಆಡಿದ ಗಟ್ಟಿ ಮಾತೆಲ್ಲ ಕಾರಿನಲ್ಲಿ ಆಡಿದ್ದು, ರಸ್ತೆ ನೋಡಿಕೊಂಡು.

ಮೂರನೆಯ ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಮೇಷ್ಟ್ರು ಮನೆಯ ಮುಂದೆ ಕಾರು ನಿಲ್ಲಿಸಿಕೊಂಡು ಕಾದರು. ಮಗಳು ಬಂದಳು. ಗೇಟಿನ ಚಿಲಕ ಹಿಡಿದು ನಿಂತಳು, ತೆಗೆದಳು, ಬಂದು ಪಕ್ಕದ ಸೀಟಿನಲ್ಲಿ ಕೂತಳು. ಕಾಲನ್ನು ಬ್ರೇಕಿಗೆ ತಾಗದ ಹಾಗೆ ಹಿಂದಕ್ಕೆ ಸೇರಿಸಿಕೊಂಡಳು. ಮೇಷ್ಟ್ರು ಬೀಗದಕೈ ಹಾಕಿದರು, ತಿರುಗಿಸಲಿಲ್ಲ.

"ಒಂದು ಮಾತು ಹೇಳ್ಬೇಕು ಮರೀ."

"ಕಿರುಚಬೇಡ ಅಪ್ಪಾ ಇವತ್ತು."

"ಕಿರುಚಲ್ಲ." ಎದುರಿನ ಗಾಜು ನೋಡುತ್ತ ಮೇಷ್ಟ್ರು ಶುರು ಮಾಡಿದರು. "ಎಲ್ಲ ಬಂದ್ ಆಗಿತ್ತಲ್ಲ, ಯಾರೂ ಹೊಸಿಲು ದಾಟಬೇಡಿ ಅಂತ ನಾನೇ ಮನೇಲಿ ಹಾರಾಡ್ತಿದ್ದೆನಲ್ಲ, ಆಗ ನಾನು ಭಾನುವಾರ ಭಾನುವಾರ ಕದ್ದು ಸ್ಕೂಲಿಗೆ ಹೋಗ್ತಿದ್ದೆ. ಔಷಧಿ ತರ್ತೀನಿ ಅಂತ ಸುಳ್ಳು ಹೇಳಿ."

"ಯಾಕೆ?"

"ಈ ಕಾರು ಸ್ಟಾರ್ಟ್ ಮಾಡೋಕೆ. ತಿಂಗಳುಗಟ್ಟಲೆ ಸುಮ್ನೆ ನಿಲ್ಸಿದ್ರೆ ಬ್ಯಾಟರಿ ಸತ್ತುಹೋಗುತ್ತೆ. ಹತ್ತು ನಿಮಿಷ ಎಂಜಿನ್ ಓಡಿಸಿ ಬರ್ತಿದ್ದೆ. ಅಲ್ಲಿ ಕಾವಲುಗಾರ ಒಬ್ನೇ ಇರ್ತಿದ್ದ, ಪಾಪ. ಅವನ ಜೊತೆ ಬೆಂಚಿನ ಮೇಲೆ ಕೂತು ಚಹಾ ಕುಡೀತಿದ್ದೆ. ಕೊನೇ ಭಾನುವಾರ ಅವನು ಕೆಮ್ತಿದ್ದ. ಮುಂದಿನ ಶನಿವಾರ ಅಜ್ಜಿಗೆ ಜ್ವರ ಬಂತು." ಮೇಷ್ಟ್ರ ಬಲಗಾಲು ನಿಂತ ಕಾರಿನ ಬ್ರೇಕನ್ನು ಒತ್ತುತ್ತ ಬಿಡುತ್ತ ಇತ್ತು. "ಅಜ್ಜಿ ಹೋದ ದಿನ ಅಡುಗೆಮನೇಲಿ ನಾನು ಒಂದು ಮಾತಾಡಿದೆ. ನಿನಗೆ ನೆನಪಿರಲಿಕ್ಕಿಲ್ಲ."

"ಹೊರಗಡೆಯಿಂದ ತಂದೋರಿಗೆ ಗೊತ್ತಿರುತ್ತೆ, ತಾವೇನು ಮಾಡಿದ್ದೀವಿ ಅಂತ," ಎಂದಳು ಮಗಳು. ಒಂದಕ್ಷರ ತಪ್ಪಲಿಲ್ಲ.

ಮೇಷ್ಟ್ರು ಗಾಜು ಬಿಟ್ಟು ಮಗಳ ಕಡೆ ತಿರುಗಿದರು.

"ಅದು ನನ್ನ ಬಗ್ಗೆ ಹೇಳ್ಕೊಂಡಿದ್ದು ಮರೀ. ನನಗೆ ನಾನೇ ಬೈಕೊಂಡಿದ್ದು. ಬಾಯಿಬಿಟ್ಟು ಹೇಳೋ ಧೈರ್ಯ ಆಗ್ಲಿಲ್ಲ, ಹಾಗೆ ಸುತ್ತಿ ಬಳಸಿ ಅಂದೆ."

ಮಗಳ ದನಿ ಗಟ್ಟಿಯಾಗಿತ್ತು. "ಆ ವಾರ ನಾನೂ ಹೋಗಿದ್ದೆ. ನನ್ನ ಗೆಳತಿ ಪುಸ್ತಕ ಕೊಡೋಕೆ ಮೆಟ್ಟಿಲ ಹತ್ರ ಬಂದಿದ್ಲು. ಐದೇ ನಿಮಿಷ. ತಬ್ಕೊಂಡೆ ಅವಳನ್ನ. ಆಮೇಲೆ ಅವಳಿಗೂ ಜ್ವರ ಬಂತು. ನೀನು ಅದನ್ನ ನೋಡಿದ್ದೀಯ, ಅದಕ್ಕೇ ಹಾಗಂದೆ ಅಂದ್ಕೊಂಡಿದ್ದೆ. ನಿಮ್ಮ ಗಾಳಿ ಬೇಡ ಅಂತ ನಾನು ಉಸಿರು ಹಿಡೀತಿದ್ನಾ ಅಪ್ಪಾ? ನನ್ನ ಗಾಳಿ ನಿಮಗೆ ತಾಗ್ಬಾರದು ಅಂತ. ನನಗೆ ರೋಗ ಬರುತ್ತೆ ಅಂತ ಹೆದರಿಕೆ ಇಲ್ಲ. ನನ್ನಿಂದ ಹೋಗುತ್ತೆ ಅಂತ. ಬಸ್ಸಲ್ಲಿ ಯಾರೋ ಅಜ್ಜಿ ಪಕ್ಕ ಕೂತ್ರೆ ಸಾಕು... ಅವತ್ತು ನೀನು ಎಲ್ಲರನ್ನೂ ಸಾಯಿಸ್ತೀಯಾ ಅಂದೆ. ಹೌದು ಅನ್ನಿಸ್ತು."

ಮೇಷ್ಟ್ರಿಗೆ ದುಃಖ ಉಕ್ಕಿ ಬಂತು. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಮಕ್ಕಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮನುಷ್ಯ ತನ್ನ ಮಗಳು ಪಕ್ಕದ ಕೋಣೆಯಲ್ಲಿ ಏನು ಹೊತ್ತುಕೊಂಡು ಕೂತಿದ್ದಾಳೆ ಎಂದು ನೋಡಲಿಲ್ಲ. ಕನ್ನಡಿ ಸರಿಮಾಡುವ ನೆಪದಲ್ಲಿ ಕಣ್ಣೊರೆಸಿಕೊಂಡರು.

"ಹಾಗಾದ್ರೆ ಯಾರಿಂದ ಬಂತು ಅಪ್ಪಾ?"

"ಗೊತ್ತಿಲ್ಲ ಮರೀ. ಯಾವತ್ತೂ ಗೊತ್ತಾಗಲ್ಲ."

"ಬ್ಯಾಟರಿ ಸಾಯ್ಬಾರದು ಅಂತ ಹೋದ್ಯಾ?" ಅವಳಿಗೆ ಒಮ್ಮೆಲೇ ನಗು ಬಂತು, ಅದೇ ಉಸಿರಿನಲ್ಲಿ ಅಳುವೂ ಬಂತು. "ಅಜ್ಜಿಗೆ ಗೊತ್ತಾಗಿದ್ರೆ ಎಷ್ಟು ಆಡ್ಕೊಂಡಿರೋಳು." ಆಮೇಲೆ ಅಳು ನಿಲ್ಲಿಸಿ ಅಪ್ಪನನ್ನು ದಿಟ್ಟಿಸಿದಳು. "ಮೂರು ವರ್ಷ ಅಪ್ಪಾ. ಮೂರು ವರ್ಷ ಸುಮ್ನಿದ್ದೆ ನೀನು." ಬಾಗಿಲು ತೆಗೆದು ಇಳಿದಳು.

ಮುಗಿಯಿತು, ಒಳಗೆ ಹೋದಳು ಎಂದುಕೊಂಡರು ಮೇಷ್ಟ್ರು. ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು. ಆದರೆ ಹೆಜ್ಜೆ ಸದ್ದು ಗೇಟಿನ ಕಡೆಗೆ ಹೋಗದೆ ಕಾರಿನ ಮುಂದಿನಿಂದ ಬಳಸಿಕೊಂಡು ಅವರ ಬಾಗಿಲಿಗೇ ಬಂತು.

"ಆ ಕಡೆ ಹೋಗು."

"ಏನು?"

"ನೀನು ಓಡಿಸಿದ್ರೆ ನಾನು ಮತ್ತೆ ಒತ್ತೇ ಒತ್ತೀನಿ. ನನ್ನ ಕಾಲಿನ ಮೇಲೆ ನನಗೆ ನಂಬಿಕೆ ಇಲ್ಲ. ನಾನೇ ಓಡಿಸ್ತೀನಿ. ಓಡಿಸೋವಾಗ ಕೈಕಾಲಿಗೆ ಕೆಲಸ ಇರುತ್ತೆ."

ರಸ್ತೆಯಲ್ಲಿ ಜನ, ಬಸ್ಸು, ಲಾರಿ ಎಂದು ಹೇಳಲು ಮೇಷ್ಟ್ರು ಬಾಯಿ ತೆರೆದರು. ಅವಳ ಮುಖ ನೋಡಿ ಮುಚ್ಚಿಕೊಂಡು ಸರಿದು ಕೂತರು. ಕಾರು ಹೊರಡುವಾಗಲೇ ಎರಡು ಸಲ ಆರಿಹೋಯಿತು. ಮೂರನೇ ಸಲ ಹೊರಟಿತು. ಬೀದಿಯ ಕೊನೆ ಬಂತು, ಮೈದಾನದ ಗೇಟನ್ನೇ ದಾಟದಿದ್ದ ಅವಳು ಮೊದಲ ಸಲ ದೊಡ್ಡ ರಸ್ತೆಗೆ ಇಳಿದಳು. ಮೊದಲ ತಿರುವಿನಲ್ಲಿ ಕಾರು ಮೆತ್ತಗೆ ನಿಧಾನಿಸಿತು.

"ಅಪ್ಪಾ, ಕಾಲು."

"ಇಟ್ಟಿಲ್ಲಮ್ಮ."

"ಇಟ್ಟಿದ್ದೀಯ. ನೀನು ಒತ್ತಿದ್ರೆ ನನ್ನ ಕಾಲ ಕೆಳಗಿನ ಪೆಡಲೂ ತಾನಾಗೇ ಇಳಿಯುತ್ತೆ. ಏನು, ದೆವ್ವ ಸೇರ್ಕೊಂಡಿದೆಯಾ ಅದಕ್ಕೆ? ಪ್ರತಿ ಭಾನುವಾರ ಒತ್ತಿದ್ದೀಯ. ನನಗೆ ಮೊದಲ್ನೇ ದಿನಾನೇ ಗೊತ್ತು."

"ಮತ್ತೆ ಹೇಳ್ಬಾರದಿತ್ತಾ?"

"ನೀನೂ ಹೇಳ್ಲಿಲ್ವಲ್ಲ."

ಮೇಷ್ಟ್ರು ಬಲಗಾಲನ್ನು ಹಿಂದಕ್ಕೆಳೆದುಕೊಂಡರು. ಒಂದು ನಿಮಿಷವಾಗುವಷ್ಟರಲ್ಲಿ ಅದು ಮತ್ತೆ ಮುಂದೆ ಹೋಗಿತ್ತು. ಎಡಗಾಲಿನಿಂದ ಅದುಮಿ ಹಿಡಿದರು, ಪ್ರಯೋಜನವಾಗಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ, ಹೇಳಿದರೆ ಕೇಳುತ್ತದೆಯೇ? ದೊಡ್ಡ ರಸ್ತೆಯ ದೀಪ ಕೆಂಪಾಯಿತು, ಕಾರು ನಿಂತಿತು. ಮೇಷ್ಟ್ರು ಬಗ್ಗಿ ಎರಡೂ ಬೂಟು ಬಿಚ್ಚಿದರು. ಬೂಟನ್ನು ಹಿಂದಿನ ಸೀಟಿಗೆ ಎಸೆದು, ಸೀಟನ್ನು ಹಿಂದಕ್ಕೆ ಜರುಗಿಸಿ, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಮಡಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮಂಡಿ ಲಟಕ್ ಎಂದಿತು. ಪಕ್ಕದ ಬಸ್ಸಿನ ಕಿಟಕಿಯಿಂದ ಇಬ್ಬರು ಇಣುಕಿ ನೋಡಿದರು. ಕಾರಿನ ಮುಂದೆ ಹಿಂದೆ ಎಲ್ ಬೋರ್ಡು, ಒಳಗೆ ಕಾಲು ಮಡಚಿ ಊಟಕ್ಕೆ ಕೂತ ಹಾಗೆ ಕೂತ ಮೇಷ್ಟ್ರು.

ಮಗಳು ಕಡೆಗಣ್ಣಿನಿಂದ ನೋಡಿದಳು. "ಕೈ ಕೂಡ," ಎಂದಳು. ಮೇಷ್ಟ್ರ ಕೈ ಯಾವಾಗಲೋ ಹೋಗಿ ಹ್ಯಾಂಡ್‌ಬ್ರೇಕಿನ ಮೇಲೆ ಕೂತಿತ್ತು. ಅದನ್ನು ತೆಗೆದು ಕಂಕುಳಲ್ಲಿಟ್ಟುಕೊಂಡರು.

ಬಸ್ ನಿಲ್ದಾಣ ಬಂತು. ಅಂದಿನಷ್ಟೇ ಜನ. ಮಗಳ ಉಸಿರು ಏರತೊಡಗಿತು, ಹಣೆಯಲ್ಲಿ ಬೆವರೊಡೆಯಿತು, ಸ್ಟೇರಿಂಗ್ ಹಿಡಿದ ಬೆರಳು ಬಿಳಿಯಾದವು. ಮೇಷ್ಟ್ರ ಕಾಲು ತೊಡೆಯ ಕೆಳಗೆ ಸಿಕ್ಕಿಕೊಂಡು ಒದ್ದಾಡಿತು. ಅಷ್ಟರಲ್ಲಿ ಒಬ್ಬ ಮುದುಕಿ, ಕೈಯಲ್ಲಿ ಚೀಲ ಹಿಡಿದವಳು, ಆ ಕಡೆ ಈ ಕಡೆ ನೋಡದೆ ರಸ್ತೆಗೆ ಇಳಿದುಬಿಟ್ಟಳು.

ಕಾರು ಧಡಕ್ಕನೆ ನಿಂತಿತು. ಬ್ರೇಕ್ ಮೇಷ್ಟ್ರ ಕಾರು ಅಷ್ಟು ಒರಟಾಗಿ ಎಂದೂ ನಿಂತಿರಲಿಲ್ಲ. ಮೇಷ್ಟ್ರು ಮುಂದಕ್ಕೆ ಹಾರಿ ಬೆಲ್ಟಿಗೆ ಸಿಕ್ಕಿ ಹಿಂದಕ್ಕೆ ಬಿದ್ದರು. ಎಂಜಿನ್ ಆರಿಹೋಯಿತು. ಮುದುಕಿ ಎರಡು ಮಾರು ದೂರದಲ್ಲಿ ನಿಂತು, ಕಾರಿನೊಳಗೆ ನೋಡಿ, "ನಿಧಾನಕ್ಕೆ ಬಾರಮ್ಮಾ" ಎಂದು ಗದರಿ, ಚೀಲ ಕೈ ಬದಲಿಸಿಕೊಂಡು ದಾಟಿ ಹೋದಳು.

"ಹೋದ್ಲು," ಎಂದಳು ಮಗಳು. "ಅಪ್ಪಾ, ಅವಳಿಗೆ ಏನೂ ಆಗ್ಲಿಲ್ಲ."

"ಏನೂ ಆಗ್ಲಿಲ್ಲ."

"ನೀನು ಒತ್ತಿದ್ಯಾ?"

"ಎಲ್ಲಿಂದ ಒತ್ತಲೇ? ನೋಡು ನನ್ನ ಅವಸ್ಥೆ."

ಅವಳು ಅಪ್ಪನ ಮಡಚಿದ ಕಾಲು ನೋಡಿದಳು, ತನ್ನ ಕಾಲು ನೋಡಿಕೊಂಡಳು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಹಿಂದಿನಿಂದ ಹಾರ್ನ್‌ಗಳು ಹೊಡೆದುಕೊಳ್ಳುತ್ತಿದ್ದವು. "ಹೊಡೀಲಿ ಬಿಡು," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮತ್ತೆ ಸ್ಟಾರ್ಟ್ ಮಾಡಿದಳು.

ಕ್ಲಿನಿಕ್ಕಿನ ಮುಂದೆ ಕಾರು ನಿಂತಾಗ ಹನ್ನೊಂದು ಗಂಟೆ ನಾಲ್ಕು ನಿಮಿಷ. ಕೌನ್ಸೆಲರ್ ಕೋಣೆ ಮೊದಲ ಮಹಡಿಯಲ್ಲಿತ್ತು, ಮೆಟ್ಟಿಲು ಹೊರಗಿನಿಂದಲೇ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಅವಳ ವಯಸ್ಸಿನ ಹುಡುಗನೊಬ್ಬ ಮೊಬೈಲು ತಿರುಗಿಸುತ್ತ ಕೂತಿದ್ದ. ಮಗಳು ಬೀಗದಕೈ ತೆಗೆದು ಅಭ್ಯಾಸದಂತೆ ಅಪ್ಪನ ಕೈಗೆ ಕೊಡಲು ಹೋದವಳು, ಕೊಡದೆ ತನ್ನ ಜೇಬಿಗೆ ಹಾಕಿಕೊಂಡಳು. ಬಾಗಿಲು ತೆಗೆದು ಇಳಿದಳು. ಮೂರು ಮೆಟ್ಟಿಲು ಹತ್ತಿ, ಕಂಬಿ ಹಿಡಿದು ನಿಂತಳು.

ನಿಂತೇ ಇದ್ದಳು. ಒಂದು ನಿಮಿಷವಾಯಿತು. ಅವಳ ಬೆನ್ನು ನಡುಗುವುದು ಕಾರಿನಿಂದಲೇ ಕಾಣುತ್ತಿತ್ತು. ಈಗ ಓಡಿ ಹೋಗಿ ತೋಳು ಹಿಡಿಯಬೇಕು, ನಡಿ ಮರೀ ಎನ್ನಬೇಕು, ಮೇಲಿನ ತನಕ ನಡೆಸಿಕೊಂಡು ಹೋಗಿ ಬಾಗಿಲು ತಟ್ಟಬೇಕು ಎಂದು ಮೇಷ್ಟ್ರ ಜೀವ ಹಾತೊರೆಯಿತು. ಬಾಗಿಲು ತೆಗೆದು ಏಳಲು ಹೋದರು.

ಏಳಲಾಗಲಿಲ್ಲ. ಕಾಲಿಗೆ ಜೋಮು ಹಿಡಿದಿತ್ತು. ಸೊಂಟದಿಂದ ಕೆಳಗೆ ಎರಡು ಕಾಲಿದೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಗುದ್ದಿದರು, ಚಿವುಟಿದರು, ಬಲಗಾಲು ಅಲುಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅದು ಸುಮ್ಮನೆ ಬಿದ್ದಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಹುಡುಗ ತಲೆಯೆತ್ತಿ ಏನೋ ಕೇಳಿದ. ಮಗಳು ಏನೋ ಹೇಳಿದಳು. ಹುಡುಗ ದಾರಿ ಬಿಟ್ಟು ಗೋಡೆಯ ಕಡೆಗೆ ಸರಿದ. ಅವನ ಪಕ್ಕದಲ್ಲೇ, ಉಸಿರು ಹಿಡಿಯದೆ, ಅವಳು ಹತ್ತಿ ಹೋದಳು. ಮೇಲೆ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಮೇಷ್ಟ್ರು ಕಾರಿನಲ್ಲಿ ಕೂತು ಕಾಲು ತಿಕ್ಕುತ್ತಲೇ ಇದ್ದರು.